ನ್ಯಾಂಡ್ ಫ್ಲಾಶ್ ಚಿಪ್‌ಗಳಲ್ಲಿ ಕೆಟ್ಟ ಬ್ಲಾಕ್: ಅಳಿಸುವ ಮುನ್ನ ಓದಬೇಕಾದ ಗುರುತು

ವಿಟ್ಲ: ಏಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್ ತಿಂಗಳುಗಳ ಗುಡುಗು ಮಳೆ ಕಳೆದ ಮರುದಿನ ಕರಾವಳಿಯ ಒಳನಾಡಿನ ಪೇಟೆಗಳಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ದುರಸ್ತಿ ಅಂಗಡಿಗಳಿಗೆ ಬಿಡುವಿರುವುದಿಲ್ಲ. ವಿಟ್ಲ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲೆಡೆಯೂ ಇದೇ ಸ್ಥಿತಿ. ಸಿಡಿಲಿನ ಹೊಡೆತಕ್ಕೋ ವಿದ್ಯುತ್ ಏರಿಳಿತಕ್ಕೋ ಸಿಕ್ಕಿದ ಟಿವಿ, ಸೆಟ್‌ಟಾಪ್ ಬಾಕ್ಸ್, ರೌಟರ್‌ಗಳಲ್ಲಿ ಕೆಲವಕ್ಕೆ ವಿದ್ಯುತ್ ಭಾಗದ ದುರಸ್ತಿ ಸಾಕಾಗುತ್ತದೆ. ಇನ್ನು ಕೆಲವು ದೀಪ ಉರಿದರೂ ಮುಂದಕ್ಕೆ ಹೋಗುವುದಿಲ್ಲ. ಅವುಗಳ ತಂತ್ರಾಂಶವನ್ನು ಹಿಡಿದಿಟ್ಟಿರುವ ಫ್ಲಾಶ್ ಸ್ಮೃತಿ ಚಿಪ್‌ನಲ್ಲಿ ಮಾಹಿತಿ ಕೆಟ್ಟಿರುತ್ತದೆ. ಚಿಪ್‌ಗೆ ಮಾಹಿತಿ ಬರೆಯುವ ಪ್ರೋಗ್ರಾಮರ್ ಯಂತ್ರಗಳು ಸಣ್ಣ ಅಂಗಡಿಯವರ ಕೈಗೆಟುಕುವ ಬೆಲೆಗೆ ಬಂದ ಮೇಲೆ, ಇಡೀ ಬೋರ್ಡ್ ಬದಲಿಸುವ ಬದಲು ಚಿಪ್ ಒಂದನ್ನೇ ತೆಗೆದು ಹೊಸದಕ್ಕೆ ತಂತ್ರಾಂಶ ತುಂಬಿ ಮತ್ತೆ ಬೆಸೆಯುವ ಕೆಲಸ ಸಾಮಾನ್ಯವಾಗಿದೆ.

ಈ ಕೆಲಸದಲ್ಲಿ ವಿಚಿತ್ರವೆನಿಸುವ ಒಂದು ಅನುಭವ ಆಗಾಗ ಎದುರಾಗುತ್ತದೆ. ಚಿಪ್ ಹೊಸತು, ಕಡತ ಸರಿಯಾದದ್ದು, ಬೆಸುಗೆಯಲ್ಲಿ ಕುಂದಿಲ್ಲ. ಅದೇ ಕಡತದಿಂದ ಐದು ಸೆಟ್‌ಗಳು ಎದ್ದು ನಿಂತಿರುತ್ತವೆ. ಆರನೆಯದು ಮಾತ್ರ ಏಳುವುದಿಲ್ಲ. ಚಿಪ್ ನಕಲಿ ಎಂದೋ ಬೋರ್ಡ್ ಸತ್ತಿದೆ ಎಂದೋ ತೀರ್ಮಾನವಾಗಿ, ಗ್ರಾಹಕರು ಹೊಸ ಸೆಟ್ಟಿಗೆ ಹಣ ಹೊಂದಿಸಬೇಕಾಗುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಎರಡೂ ಕೆಟ್ಟಿರುವುದಿಲ್ಲ. ಚಿಪ್‌ನೊಳಗೆ ಕಾರ್ಖಾನೆಯವರೇ ಗುರುತು ಹಾಕಿ ಕಳುಹಿಸಿದ್ದ ‘ಕೆಟ್ಟ ಬ್ಲಾಕ್’ ಒಂದನ್ನು ಗಮನಿಸದೆ ಅದರ ಮೇಲೆಯೇ ಬರೆದಿರುವುದು ತೊಂದರೆಯ ಮೂಲವಾಗಿರುತ್ತದೆ.

ಪುಟ, ಬ್ಲಾಕ್ ಮತ್ತು ಕಾರ್ಖಾನೆಯ ಲೆಕ್ಕ

ಫ್ಲಾಶ್ ಸ್ಮೃತಿಯನ್ನು ರೂಪಿಸಿದವರು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ. ನಾರ್ ಮಾದರಿಯ ಫ್ಲಾಶ್ ಅನ್ನು ಅವರ ತಂಡ 1984ರಲ್ಲಿಯೂ ನ್ಯಾಂಡ್ ಮಾದರಿಯನ್ನು 1987ರಲ್ಲಿಯೂ ವಿದ್ವತ್ ಸಮ್ಮೇಳನಗಳಲ್ಲಿ ಪ್ರಕಟಿಸಿತು. ನಾರ್ ಮಾದರಿಯಲ್ಲಿ ಪ್ರತಿ ಬೈಟ್‌ಗೂ ನೇರ ದಾರಿಯಿದೆ. ಅದು ದುಬಾರಿ, ಆದರೆ ಖರೀದಿಸಿದವನಿಗೆ ಎಲ್ಲ ಭಾಗವೂ ಸರಿಯಿರುವ ಚಿಪ್ ಸಿಗುತ್ತದೆ. ನ್ಯಾಂಡ್‌ನಲ್ಲಿ ಕೋಶಗಳನ್ನು ಸರಪಣಿಯಂತೆ ಒಂದರ ಹಿಂದೊಂದು ಜೋಡಿಸಿ ಜಾಗ ಉಳಿಸಲಾಗಿದೆ. ಅಗ್ಗದ ಬೆಲೆಗೆ ಅಪಾರ ಸಾಮರ್ಥ್ಯ ದೊರೆಯುವುದು ಈ ಜೋಡಣೆಯಿಂದ. ಇದಕ್ಕೆ ತೆತ್ತ ಬೆಲೆಯೆಂದರೆ ದೋಷರಹಿತವಾದ ಚಿಪ್ ಮಾತ್ರ ಮಾರುತ್ತೇವೆ ಎಂಬ ಹಟವನ್ನು ತಯಾರಕರು ಬಿಟ್ಟುಕೊಟ್ಟದ್ದು. ಕೆಟ್ಟ ಭಾಗವಿರುವ ಚಿಪ್‌ಗಳನ್ನೆಲ್ಲ ಎಸೆಯುತ್ತ ಹೋದರೆ ಬೆಲೆ ಎಲ್ಲಿಗೋ ಹೋಗಿ ನಿಲ್ಲುತ್ತಿತ್ತು.

ಅಡಿಕೆ ವ್ಯಾಪಾರ ತಿಳಿದವರಿಗೆ ಈ ಲೆಕ್ಕ ಹೊಸದೇನಲ್ಲ. ರಾಶಿಯಲ್ಲಿ ಪಠೋರವೋ ಕರಿಗೋಟೋ ಇದೆಯೆಂದು ಇಡೀ ರಾಶಿಯನ್ನು ಯಾರೂ ಹೊರಹಾಕುವುದಿಲ್ಲ. ವ್ಯತ್ಯಾಸವೆಂದರೆ ಅಡಿಕೆಯನ್ನು ಹೆಕ್ಕಿ ಬೇರೆ ಮಾಡಬಹುದು. ಸಿಲಿಕಾನ್ ತುಂಡಿನಿಂದ ಕೆಟ್ಟ ಭಾಗವನ್ನು ಹೆಕ್ಕಿ ತೆಗೆಯಲಾಗದು, ಅದರ ಮೇಲೆ ಗುರುತು ಹಾಕಿ ಕಳುಹಿಸುವುದಷ್ಟೇ ಸಾಧ್ಯ.

ಉದಾಹರಣೆಗೆ, ರೌಟರ್ ಹಾಗೂ ಸೆಟ್‌ಟಾಪ್ ಬಾಕ್ಸ್‌ಗಳ ಕಾಲದ ಪರಿಚಿತ ಚಿಪ್ ಆದ ಸ್ಯಾಮ್‌ಸಂಗ್‌ನ ಕೆ9ಎಫ್1ಜಿ08 ಅನ್ನು ನೋಡಬಹುದು. ಸಾಮರ್ಥ್ಯ 1 ಗಿಗಾಬಿಟ್, ಅಂದರೆ 128 ಮೆಗಾಬೈಟ್. ಬರೆಯುವ ಘಟಕವನ್ನು ಪುಟ ಎನ್ನುತ್ತಾರೆ. ಒಂದು ಪುಟದಲ್ಲಿ 2048 ಬೈಟ್ ಮಾಹಿತಿಗೆ, ಮತ್ತೆ 64 ಬೈಟ್ ಹೆಚ್ಚುವರಿ ಪ್ರದೇಶಕ್ಕೆ ಮೀಸಲು. ಇಂತಹ 64 ಪುಟಗಳು ಸೇರಿ ಒಂದು ಬ್ಲಾಕ್, ಒಟ್ಟು 1024 ಬ್ಲಾಕ್‌ಗಳು. ಬರೆಯುವುದು ಪುಟದ ಲೆಕ್ಕದಲ್ಲಾದರೆ ಅಳಿಸುವುದು ಬ್ಲಾಕ್‌ನ ಲೆಕ್ಕದಲ್ಲಿ. ಬರೆಯುವಾಗ 1 ಎಂಬ ಬಿಟ್ಟನ್ನು 0 ಮಾಡಬಹುದು. 0 ಮತ್ತೆ 1 ಆಗಬೇಕಾದರೆ ಇಡೀ ಬ್ಲಾಕ್ ಅಳಿಸಲೇಬೇಕು. ಅಳಿಸಿದ ಬ್ಲಾಕ್‌ನಲ್ಲಿ ಎಲ್ಲ ಬಿಟ್‌ಗಳೂ 1 ಆಗಿರುವುದರಿಂದ ಪ್ರತಿ ಬೈಟ್ ‘ಎಫ್‌ಎಫ್’ ಎಂದು ಓದಿಸಿಕೊಳ್ಳುತ್ತದೆ.

ಈ 1024 ಬ್ಲಾಕ್‌ಗಳಲ್ಲಿ ಕನಿಷ್ಠ 1004 ಮಾತ್ರ ಸರಿಯಿರುತ್ತವೆ ಎಂದು ತಯಾರಕರ ದತ್ತಾಂಶ ಪುಸ್ತಿಕೆಯೇ ಹೇಳುತ್ತದೆ. ಎಂದರೆ 20 ಬ್ಲಾಕ್‌ಗಳು ಕೆಟ್ಟಿದ್ದರೂ ಚಿಪ್ ‘ಒಳ್ಳೆಯ ಚಿಪ್’ ಎನಿಸಿಕೊಳ್ಳುತ್ತದೆ. ಉಪಕರಣ ಚಾಲೂ ಆಗುವಾಗ ಮೊದಲು ಓದುವ ಸೊನ್ನೆಯ ಬ್ಲಾಕ್ ಮಾತ್ರ ಕಾರ್ಖಾನೆಯಿಂದ ಹೊರಡುವಾಗ ಸರಿಯಿರುತ್ತದೆಂಬ ಭರವಸೆ ಇದೆ. ಕೆಟ್ಟ ಬ್ಲಾಕ್ ಪಕ್ಕದ ಬ್ಲಾಕ್‌ಗಳನ್ನು ಕೆಡಿಸುವುದಿಲ್ಲ. ಅದನ್ನು ಮುಟ್ಟದೆ ಬಿಟ್ಟರೆ ಉಳಿದ ಚಿಪ್ ಪೂರ್ಣ ಆಯುಷ್ಯ ಬಾಳುತ್ತದೆ.

ಗುರುತು ಎಲ್ಲಿದೆ

ಕಾರ್ಖಾನೆಯವರು ಹಾಕುವ ಗುರುತು ಸರಳವಾದದ್ದು. ಬ್ಲಾಕ್‌ನ ಮೊದಲ ಅಥವಾ ಎರಡನೆಯ ಪುಟದ ಹೆಚ್ಚುವರಿ ಪ್ರದೇಶದಲ್ಲಿ ನಿಗದಿತ ಬೈಟ್ ಎಫ್‌ಎಫ್ ಅಲ್ಲದಿದ್ದರೆ ಆ ಬ್ಲಾಕ್ ಕೆಟ್ಟದ್ದು. 2048 ಬೈಟ್ ಪುಟದ ಮೇಲಿನ ಚಿಪ್‌ನಲ್ಲಿ ಇದು ಹೆಚ್ಚುವರಿ ಪ್ರದೇಶದ ಮೊದಲ ಬೈಟ್. ಅದಕ್ಕಿಂತ ಹಳೆಯ, 512 ಬೈಟ್ ಪುಟದ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಆರನೆಯ ಬೈಟ್. ಕೆಲವು ತಯಾರಕರು ಬ್ಲಾಕ್‌ನ ಕೊನೆಯ ಪುಟದಲ್ಲಿ ಗುರುತಿಡುತ್ತಾರೆ. ಯಂತ್ರದಲ್ಲಿ ತಪ್ಪು ಚಿಪ್ ಮಾದರಿ ಆರಿಸಿಕೊಂಡರೆ ಅದು ತಪ್ಪು ಜಾಗದಲ್ಲಿ ನೋಡಿ ‘ಕೆಟ್ಟ ಬ್ಲಾಕ್ ಇಲ್ಲ’ ಎಂದು ವರದಿ ಮಾಡುತ್ತದೆ. ‘ಬಹುತೇಕ ಅದೇ ಮಾದರಿ’ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ಈ ಗುರುತು ಯಾವುದೋ ಪ್ರತ್ಯೇಕ ಜಾಗದಲ್ಲಿ ಶಾಶ್ವತವಾಗಿ ಕೆತ್ತಿದ್ದಲ್ಲ. ಅದು ಸಾಮಾನ್ಯ ಕೋಶಗಳಲ್ಲೇ ಬರೆದದ್ದು. ಆದುದರಿಂದ ಅಳಿಸುವ ಆಜ್ಞೆ ಕೊಟ್ಟರೆ ಬಹಳಷ್ಟು ಕೆಟ್ಟ ಬ್ಲಾಕ್‌ಗಳು ಅಳಿಸಿಹೋಗುತ್ತವೆ, ಗುರುತೂ ಜೊತೆಯಲ್ಲೇ ಹೋಗುತ್ತದೆ. ಕೆಟ್ಟ ಬ್ಲಾಕ್ ಎಂದರೆ ಏನೂ ಬರೆಯಲಾಗದ ಬ್ಲಾಕ್ ಎಂಬ ತಿಳಿವಳಿಕೆ ತಪ್ಪು. ತಯಾರಕರು ಚಿಪ್ಪನ್ನು ವೋಲ್ಟೇಜ್ ಹಾಗೂ ಉಷ್ಣತೆಯ ಕಡು ಮಿತಿಗಳಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿ ಸೋತ ಬ್ಲಾಕ್ ಅಂಗಡಿಯ ಮೇಜಿನ ಮೇಲೆ, ಸಾಮಾನ್ಯ ಉಷ್ಣತೆಯಲ್ಲಿ, ಒಮ್ಮೆ ಬರೆದು ಓದಿದಾಗ ಸರಿಯಾಗಿಯೇ ತೋರಬಹುದು. ಬಿಸಿಲ ಕೋಣೆಯಲ್ಲಿ ಟಿವಿಯೊಳಗೆ ಆರು ತಿಂಗಳು ಕಳೆದ ಮೇಲೆ ಅದು ಕೈಕೊಡುತ್ತದೆ. ಹೀಗೆ ಅಳಿಸಿಹೋದ ಗುರುತನ್ನು ಮರಳಿ ಪಡೆಯುವ ಉಪಾಯ ಅಂಗಡಿಯಲ್ಲಿ ಇಲ್ಲ.

ಆದ್ದರಿಂದ ಹೊಸ ಚಿಪ್ ಯಂತ್ರದಲ್ಲಿ ಕೂತಾಗ ಮಾಡಬೇಕಾದ ಮೊದಲ ಕೆಲಸ ಅಳಿಸುವುದೂ ಅಲ್ಲ, ಬರೆಯುವುದೂ ಅಲ್ಲ. ಎಲ್ಲ ಬ್ಲಾಕ್‌ಗಳ ಗುರುತಿನ ಬೈಟ್‌ಗಳನ್ನು ಓದಿ, ಕೆಟ್ಟವುಗಳ ಪಟ್ಟಿಯನ್ನು ಕಡತವಾಗಿ ಉಳಿಸಿಕೊಳ್ಳಬೇಕು. ಬಹುತೇಕ ಯಂತ್ರಗಳ ತಂತ್ರಾಂಶದಲ್ಲಿ ‘ಕೆಟ್ಟ ಬ್ಲಾಕ್ ಸಹಿತ ಬಲವಂತವಾಗಿ ಅಳಿಸು’ ಎಂಬರ್ಥದ ಆಯ್ಕೆಯೊಂದಿರುತ್ತದೆ. ‘ಅಳಿಸಲಾಗದು’ ಎಂಬ ಸಂದೇಶ ಕಂಡೊಡನೆ ಆ ಆಯ್ಕೆಯನ್ನು ಒತ್ತುವುದು ಈ ಕ್ಷೇತ್ರದ ಅತಿ ದುಬಾರಿ ಅಭ್ಯಾಸಗಳಲ್ಲೊಂದು.

ಇನ್ನೊಂದು ಸೂಕ್ಷ್ಮ ಇದೆ. ಕೆಲವು ಪ್ರೊಸೆಸರ್‌ಗಳು ಮಾಹಿತಿಯನ್ನೂ ದೋಷ ತಿದ್ದುವ ಬೈಟ್‌ಗಳನ್ನೂ ಒಂದರೊಳಗೊಂದು ಹೆಣೆದು ಪುಟದುದ್ದಕ್ಕೂ ಬರೆಯುತ್ತವೆ. ಅಂತಹ ವ್ಯವಸ್ಥೆಯಲ್ಲಿ ಗುರುತಿನ ಬೈಟ್ ಇರಬೇಕಾದ ಜಾಗಕ್ಕೆ ಸಾಮಾನ್ಯ ಮಾಹಿತಿ ಬಂದು ಕೂರಬಹುದು. ಬಳಸಿದ ಚಿಪ್ಪನ್ನು ಓದಿದಾಗ ನೂರಾರು ಬ್ಲಾಕ್‌ಗಳು ಕೆಟ್ಟಂತೆ ಕಂಡರೆ ಗಾಬರಿಯಾಗುವ ಮೊದಲು ಈ ಸಾಧ್ಯತೆಯನ್ನು ಯೋಚಿಸಬೇಕು. ಒಮ್ಮೆ ಬರೆದಾದ ಮೇಲೆ ಗುರುತಿನ ಬೈಟನ್ನು ನಂಬಲಾಗದ ಕಾರಣ, ಬರೆಯುವ ಮೊದಲೇ ಪಟ್ಟಿ ತಯಾರಾಗಿರಬೇಕು.

ಒಂದು ಬ್ಲಾಕ್ ಜಾರಿದರೆ

ಗುರುತು ಓದಿದ ಮೇಲಿನ ಪ್ರಶ್ನೆ: ಕೆಟ್ಟ ಬ್ಲಾಕ್ ಎದುರಾದಾಗ ಅಲ್ಲಿಗೆ ಹೋಗಬೇಕಿದ್ದ ಮಾಹಿತಿ ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರ ಒಂದೇ ಅಲ್ಲ, ತೊಡಕಿರುವುದೂ ಇಲ್ಲಿಯೇ.

ಮೂಡುಬಿದಿರೆಯ ಜೈನ ಮಠದಲ್ಲಿ ಕಾಪಾಡಿಕೊಂಡು ಬಂದಿರುವ ಧವಲಾದಿ ತಾಳೆಗರಿ ಗ್ರಂಥಗಳ ಹೆಸರು ಕೇಳದವರು ಈ ಭಾಗದಲ್ಲಿ ವಿರಳ. ತಾಳೆಗರಿಯಲ್ಲಿ ದಾರ ಪೋಣಿಸಲು ರಂಧ್ರವಿರುತ್ತದೆ. ಲಿಪಿಕಾರ ರಂಧ್ರದ ಸುತ್ತ ಜಾಗ ಬಿಟ್ಟು, ಪದವನ್ನು ಆಚೆಗೆ ಮುಂದುವರಿಸುತ್ತಾನೆ. ಓದುವವನೂ ಅಲ್ಲಿ ತಡೆಯದೆ ಮುಂದೆ ಸಾಗುತ್ತಾನೆ. ಆ ಗ್ರಂಥವನ್ನು ಬೇರೊಂದು ಗರಿಗೆ ಪ್ರತಿ ಮಾಡುವವನು ಪಾಠವನ್ನು ನಕಲಿಸುತ್ತಾನೆ, ಮೂಲದಲ್ಲಿ ಖಾಲಿ ಬಿಟ್ಟ ಜಾಗಗಳನ್ನಲ್ಲ. ಹೊಸ ಗರಿಯ ರಂಧ್ರ ಬೇರೆಡೆ ಇದ್ದರೆ ಅಲ್ಲಿ ಜಾಗ ಬಿಡುತ್ತಾನೆ. ಫ್ಲಾಶ್ ಚಿಪ್‌ನಲ್ಲಿ ‘ಬಿಟ್ಟು ಮುಂದೆ ಹೋಗುವ’ ವಿಧಾನವೂ ಇಂಥದ್ದೇ. 17ನೆಯ ಬ್ಲಾಕ್ ಕೆಟ್ಟಿದ್ದರೆ ಅದರ ಪಾಲಿನದು 18ಕ್ಕೆ, 18ರದು 19ಕ್ಕೆ, ಹೀಗೆ ಎಲ್ಲವೂ ಒಂದೊಂದು ಸ್ಥಾನ ಮುಂದಕ್ಕೆ ಜಾರುತ್ತವೆ.

ಓದುವವನೂ ಅದೇ ರೀತಿ ಜಿಗಿಯುವುದಾದರೆ ತೊಂದರೆಯಿಲ್ಲ. ಆದರೆ ಉಪಕರಣದ ತಂತ್ರಾಂಶ ಒಂದೇ ಉದ್ದನೆಯ ಪಾಠವಲ್ಲ. ಅದರಲ್ಲಿ ಭಾಗಗಳಿರುತ್ತವೆ, ಭಾಗಗಳಿಗೆ ನಿಗದಿತ ವಿಳಾಸಗಳಿರುತ್ತವೆ. ಒಂದು ಕಾಲ್ಪನಿಕ ವಿನ್ಯಾಸ ಹೀಗಿರಲಿ: ಸೊನ್ನೆಯಿಂದ 3ನೆಯ ಬ್ಲಾಕ್‌ವರೆಗೆ ಬೂಟ್ ಲೋಡರ್, 4ರಿಂದ 43ರವರೆಗಿನ 40 ಬ್ಲಾಕ್‌ಗಳಲ್ಲಿ ಕರ್ನೆಲ್, 44ರಿಂದ ಮುಂದಕ್ಕೆ ಕಡತ ವ್ಯವಸ್ಥೆ. ಇಡೀ ಕಡತವನ್ನು ಒಂದೇ ಓಟದಲ್ಲಿ ಬಿಟ್ಟು-ಬಿಟ್ಟು ಬರೆದರೆ, 17ನೆಯದು ಕೆಟ್ಟ ಚಿಪ್‌ನಲ್ಲಿ ಕಡತ ವ್ಯವಸ್ಥೆ 45ರಲ್ಲಿ ಆರಂಭವಾಗುತ್ತದೆ. ಕರ್ನೆಲ್ ಮಾತ್ರ ತನ್ನ ಕೋಷ್ಟಕದ ಪ್ರಕಾರ 44ರಲ್ಲೇ ಹುಡುಕುತ್ತದೆ. ಅಲ್ಲಿ ಅದಕ್ಕೆ ಸಿಗುವುದು ತನ್ನದೇ ಬಾಲ. ಉಪಕರಣ ಅಲ್ಲಿಗೆ ನಿಲ್ಲುತ್ತದೆ.

ಸರಿಯಾದ ಕ್ರಮವೆಂದರೆ ಪ್ರತಿ ಭಾಗವನ್ನೂ ಅದರದೇ ಗಡಿಯೊಳಗೆ ಬಿಟ್ಟು-ಬಿಟ್ಟು ಬರೆಯುವುದು. ಇದಕ್ಕಾಗಿ ವಿನ್ಯಾಸಕಾರರು ಪ್ರತಿ ಭಾಗದಲ್ಲೂ ಒಂದಿಷ್ಟು ಬ್ಲಾಕ್‌ಗಳನ್ನು ಖಾಲಿ ಬಿಟ್ಟಿರಬೇಕು. ಮೇಲಿನ ಉದಾಹರಣೆಯಲ್ಲಿ ಕರ್ನೆಲ್‌ನ ನಿಜವಾದ ಗಾತ್ರ 36 ಬ್ಲಾಕ್ ಆಗಿದ್ದರೆ ಆ ಭಾಗ 4 ಕೆಟ್ಟ ಬ್ಲಾಕ್‌ಗಳವರೆಗೆ ತಾಳಿಕೊಳ್ಳುತ್ತದೆ. ಐದನೆಯದು ಬಂದರೆ ಮಾಹಿತಿ ಗಡಿ ದಾಟುತ್ತದೆ, ಆಗ ಯಂತ್ರ ಬರೆಯಲು ನಿರಾಕರಿಸಬೇಕು. ಆ ಚಿಪ್ ತಯಾರಕರ ದೃಷ್ಟಿಯಲ್ಲಿ ಒಳ್ಳೆಯದೇ ಆದರೂ ಈ ಉಪಕರಣಕ್ಕೆ ಒದಗದು.

ಐದು ಸೆಟ್ ಎದ್ದು ಆರನೆಯದು ಏಳದಿರುವ ಒಗಟಿಗೂ ಇದೇ ಉದಾಹರಣೆ ಉತ್ತರ ಕೊಡುತ್ತದೆ. ಚಿಪ್ ಒಂದರಲ್ಲಿ ನಾಲ್ಕೇ ಕೆಟ್ಟ ಬ್ಲಾಕ್‌ಗಳಿದ್ದು ಅವು ಯಾವ ಕ್ರಮವೂ ಇಲ್ಲದೆ ಹರಡಿವೆ ಎಂದುಕೊಳ್ಳೋಣ. ಅವುಗಳಲ್ಲಿ ಒಂದಾದರೂ ಮೊದಲ 44 ಬ್ಲಾಕ್‌ಗಳೊಳಗೆ ಬೀಳುವ ಸಂಭವ ಸುಮಾರು ಶೇಕಡಾ 16. ಆರು ಚಿಪ್‌ಗಳಿಗೆ ಒಂದು! ಕೆಟ್ಟ ಬ್ಲಾಕ್‌ಗಳು 20 ಇದ್ದರೆ ಅದೇ ಸಂಭವ ಅರ್ಧಕ್ಕಿಂತ ಹೆಚ್ಚಾಗುತ್ತದೆ. ಅಜಾಗರೂಕ ವಿಧಾನವೂ ಹೆಚ್ಚಿನ ಸಲ ಫಲಿಸುವುದರಿಂದಲೇ ಅದರ ದೋಷ ಬೇಗ ಅರಿವಿಗೆ ಬರುವುದಿಲ್ಲ.

ಇನ್ನೊಂದು ವಿಧಾನದಲ್ಲಿ ಚಿಪ್‌ನ ಕೊನೆಯಲ್ಲಿ ಕೆಲವು ಬ್ಲಾಕ್‌ಗಳನ್ನು ಕಾದಿರಿಸಿ, ಕೆಟ್ಟದ್ದರ ಬದಲಿಗೆ ಅವುಗಳಲ್ಲೊಂದನ್ನು ಬಳಸಲಾಗುತ್ತದೆ. ಯಾವುದರ ಬದಲಿಗೆ ಯಾವುದು ಎಂಬ ಕೋಷ್ಟಕ ಬೇರೆಡೆ ಇರುತ್ತದೆ. ಇಲ್ಲಿ ಏನೂ ಜಾರುವುದಿಲ್ಲ, ಆದರೆ ಕೋಷ್ಟಕದ ರೂಪ ಉಪಕರಣ ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಲಿನಕ್ಸ್ ಆಧಾರಿತ ಅನೇಕ ಉಪಕರಣಗಳು ಕೆಟ್ಟ ಬ್ಲಾಕ್‌ಗಳ ಕೋಷ್ಟಕವನ್ನು ಚಿಪ್‌ನ ಕೊನೆಯ ನಾಲ್ಕು ಬ್ಲಾಕ್‌ಗಳೊಳಗೆ ಇಡುತ್ತವೆ. ಒಂದು ಪ್ರತಿ ಕೆಟ್ಟರೆ ಇರಲೆಂದು ಇನ್ನೊಂದು ಪ್ರತಿಯೂ ಇರುತ್ತದೆ. ಎರಡನ್ನು ಪ್ರತ್ಯೇಕಿಸಲು ಎರಡನೆಯದರ ಗುರುತಿನ ಅಕ್ಷರಗಳನ್ನು ಹಿಂದುಮುಂದಾಗಿ ಬರೆದಿರುತ್ತಾರೆ.

ಈಗ ದುರಸ್ತಿಗಾರರ ಸಾಮಾನ್ಯ ಅಭ್ಯಾಸಕ್ಕೆ ಬರಬಹುದು. ಚೆನ್ನಾಗಿರುವ ಒಂದು ಸೆಟ್‌ನ ಚಿಪ್ಪನ್ನು ಹೆಚ್ಚುವರಿ ಪ್ರದೇಶ ಸಹಿತ ಇದ್ದ ಹಾಗೆಯೇ ಓದಿ, ಅದನ್ನು ಹೊಸ ಚಿಪ್‌ಗೆ ಇದ್ದ ಹಾಗೆಯೇ ಬರೆಯುವುದು. ಮೂಲದಲ್ಲಿ 17ನೆಯದು ಕೆಟ್ಟಿತ್ತು, ಹೊಸದರಲ್ಲಿ 25ನೆಯದು ಕೆಟ್ಟಿದೆ ಎಂದಿಟ್ಟುಕೊಳ್ಳೋಣ. ಮೂಲದ ಗುರುತು ಹೊಸ ಚಿಪ್‌ನ ಒಳ್ಳೆಯ 17ಕ್ಕೆ ಬಂದು ಅಂಟಿಕೊಳ್ಳುತ್ತದೆ. ಅದು ಕೇವಲ ನಷ್ಟ, ಅಪಾಯವಲ್ಲ. ಅಪಾಯ ಇರುವುದು 25ರಲ್ಲಿ. ಅಲ್ಲಿಗೆ ಹೋದ ಮಾಹಿತಿ ನಿಲ್ಲುವುದಿಲ್ಲ, ಅಥವಾ ನಿಂತರೂ ಗುರುತು ಉಳಿದಿದ್ದರೆ ಉಪಕರಣ ಆ ಬ್ಲಾಕನ್ನು ಬಿಟ್ಟು ಮುಂದೆ ಹೋಗುತ್ತದೆ, ಪಾಠದ ನಡುವೆ ಒಂದು ಬ್ಲಾಕ್ ಮಾಯವಾಗುತ್ತದೆ. ಇದರ ಮೇಲೆ, ಮೂಲ ಚಿಪ್‌ನ ಕೆಟ್ಟ ಬ್ಲಾಕ್ ಕೋಷ್ಟಕವೂ ಹೊಸದಕ್ಕೆ ವರ್ಗಾವಣೆಯಾಗುತ್ತದೆ. ಕೋಷ್ಟಕವೆಂಬುದು ಆಯಾ ಚಿಪ್‌ನ ಜಾತಕ, ಒಬ್ಬರದನ್ನು ಇನ್ನೊಬ್ಬರಿಗೆ ಹೊಂದಿಸಲಾಗದು. ಮಾಡಬೇಕಾದದ್ದು: ಮೂಲದ ನಕಲಿನಿಂದ ಕೆಟ್ಟ ಬ್ಲಾಕ್‌ಗಳನ್ನು ತೆಗೆದು ಶುದ್ಧ ಪಾಠ ಪಡೆಯುವುದು, ಕೋಷ್ಟಕವಿರುವ ಬ್ಲಾಕ್‌ಗಳನ್ನು ಹೊರಗಿಡುವುದು, ಆಮೇಲೆ ಹೊಸ ಚಿಪ್‌ನ ಪಟ್ಟಿಯಂತೆ ಭಾಗ ಭಾಗವಾಗಿ ಬರೆಯುವುದು.

ಬಿಟ್ ದೋಷ ಬೇರೆ, ಕೆಟ್ಟ ಬ್ಲಾಕ್ ಬೇರೆ

ಒಳ್ಳೆಯ ಬ್ಲಾಕ್‌ನಲ್ಲೂ ಆಗೊಮ್ಮೆ ಈಗೊಮ್ಮೆ ಒಂದು ಬಿಟ್ ತಿರುಗಿ ಬೀಳುವುದು ನ್ಯಾಂಡ್‌ನ ಸಹಜ ಗುಣ. ಒಂದೇ ಪುಟವನ್ನು ಮತ್ತೆ ಮತ್ತೆ ಓದುವುದರಿಂದ ನೆರೆಯ ಪುಟಗಳು ಕದಡುತ್ತವೆ, ಕಾಲ ಕಳೆದಂತೆ ಕೋಶದಲ್ಲಿ ಹಿಡಿದಿಟ್ಟ ವಿದ್ಯುದಂಶ ಸೋರುತ್ತದೆ. ಇದಕ್ಕೆಂದೇ ಪ್ರತಿ ಪುಟದ ಹೆಚ್ಚುವರಿ ಪ್ರದೇಶದಲ್ಲಿ ದೋಷ ತಿದ್ದುವ ಸಂಕೇತ ಬರೆಯಲಾಗುತ್ತದೆ. ಕೋಶಕ್ಕೊಂದು ಬಿಟ್ ಇದ್ದ ಹಳೆಯ ಚಿಪ್‌ಗಳಲ್ಲಿ 512 ಬೈಟ್‌ಗೆ ಒಂದು ಬಿಟ್ ತಿದ್ದುವ ಹ್ಯಾಮಿಂಗ್ ಸಂಕೇತ ಸಾಕಾಗುತ್ತಿತ್ತು. ಕೋಶಕ್ಕೆ ಎರಡು, ಮೂರು ಬಿಟ್ ತುಂಬತೊಡಗಿದ ಮೇಲೆ ಬಿಸಿಎಚ್, ಎಲ್‌ಡಿಪಿಸಿಯಂತಹ ಬಲವಾದ ಸಂಕೇತಗಳು ಬೇಕಾದವು.

ಓದುವಾಗ ದೋಷ ಕಂಡಿತೆಂದು ಬ್ಲಾಕನ್ನು ಕೆಟ್ಟದ್ದೆಂದು ಗುರುತು ಮಾಡುವುದು ಆತುರದ ನಡೆ. ಸಂಕೇತದಿಂದ ತಿದ್ದಿ, ಮಾಹಿತಿಯನ್ನು ಬೇರೆ ಬ್ಲಾಕ್‌ಗೆ ಸರಿಸಿ, ಹಳೆಯದನ್ನು ಅಳಿಸಿ ಪರೀಕ್ಷಿಸಿದರೆ ಹೆಚ್ಚಿನ ಸಲ ಅದು ಮತ್ತೆ ಬಳಕೆಗೆ ಯೋಗ್ಯವಾಗಿರುತ್ತದೆ.

ಬರೆಯುವ ಯಂತ್ರದ ಪಾಲಿಗೆ ಈ ಸಂಕೇತದಿಂದ ಬರುವ ತೊಂದರೆ ಬೇರೆ ರೀತಿಯದು. ತಿದ್ದುವ ಬೈಟ್‌ಗಳನ್ನು ಯಾವ ಸೂತ್ರದಿಂದ ಲೆಕ್ಕ ಹಾಕಬೇಕು, ಎಲ್ಲಿ ಇಡಬೇಕು ಎಂಬುದನ್ನು ಉಪಕರಣದ ಪ್ರೊಸೆಸರ್ ನಿರ್ಧರಿಸುತ್ತದೆ. ಸಂಸ್ಥೆಗಳ ಜಾಲತಾಣಗಳಲ್ಲಿ ಸಿಗುವ ತಂತ್ರಾಂಶದ ಕಡತದಲ್ಲಿ ಸಾಮಾನ್ಯವಾಗಿ ಮಾಹಿತಿ ಮಾತ್ರ ಇರುತ್ತದೆ, ಹೆಚ್ಚುವರಿ ಪ್ರದೇಶ ಇರುವುದಿಲ್ಲ. ಅದನ್ನು ನೇರವಾಗಿ ಚಿಪ್‌ಗೆ ಬರೆದರೆ ಯಂತ್ರದ ತಪಾಸಣೆಯಲ್ಲಿ ಎಲ್ಲವೂ ಸರಿ ಎನಿಸಿಕೊಂಡು, ಉಪಕರಣದಲ್ಲಿ ಪ್ರತಿ ಪುಟವೂ ದೋಷಪೂರ್ಣ ಎನಿಸುತ್ತದೆ.

ಖಾಲಿ ಪುಟಗಳ ವಿಷಯದಲ್ಲೂ ಎಚ್ಚರ ಬೇಕು. ಕಡತದಲ್ಲಿ ಎಫ್‌ಎಫ್‌ಗಳೇ ತುಂಬಿದ ಪುಟ ಬಂದಾಗ ಅದನ್ನು ‘ಬರೆಯುವುದು’ ಅನಗತ್ಯವಷ್ಟೇ ಅಲ್ಲ, ಹಾನಿಕರವೂ ಆಗಬಹುದು. ಎಫ್‌ಎಫ್‌ಗಳ ತಿದ್ದುವ ಸಂಕೇತ ಅನೇಕ ಸೂತ್ರಗಳಲ್ಲಿ ಎಫ್‌ಎಫ್ ಆಗಿರುವುದಿಲ್ಲ. ಹೀಗೆ ಸಂಕೇತ ಬಿದ್ದ ಪುಟವನ್ನು ಮುಂದೆ ಕಡತ ವ್ಯವಸ್ಥೆ ಖಾಲಿಯೆಂದು ಭಾವಿಸಿ ಮತ್ತೆ ಬರೆದರೆ ಎರಡು ಸಂಕೇತಗಳು ಒಂದರ ಮೇಲೊಂದು ಕೂತು ಎರಡೂ ಅರ್ಥಹೀನವಾಗುತ್ತವೆ. ಲಿನಕ್ಸ್‌ಗೆ 2007ರಲ್ಲಿ ಸೇರಿದ ಯುಬಿಐ ಎಂಬ ಫ್ಲಾಶ್ ನಿರ್ವಹಣಾ ಪದರವನ್ನು ಬಳಸುವ ಉಪಕರಣಗಳಲ್ಲಿ, ಬ್ಲಾಕ್‌ನ ಕೊನೆಯಲ್ಲಿರುವ ಖಾಲಿ ಪುಟಗಳನ್ನು ಬರೆಯದೆ ಬಿಡಬೇಕೆಂಬುದು ಸ್ಪಷ್ಟ ನಿಯಮ. ಮೊದಲ ದಿನ ಸರಿಯಾಗಿ ಓಡಿ ವಾರ ಕಳೆದು ನಿಲ್ಲುವ ಸೆಟ್‌ಗಳಲ್ಲಿ ಈ ಕಾರಣವನ್ನು ಸಂಶಯಿಸಬಹುದು.

ಬಳಕೆಯಲ್ಲಿ ಕೆಡುವ ಬ್ಲಾಕ್

ಕಾರ್ಖಾನೆಯ ಗುರುತಿನ ಬ್ಲಾಕ್‌ಗಳಲ್ಲದೆ ಬಳಕೆಯ ಅವಧಿಯಲ್ಲಿ ಹೊಸದಾಗಿ ಕೆಡುವ ಬ್ಲಾಕ್‌ಗಳೂ ಇವೆ. ಕೋಶಕ್ಕೊಂದು ಬಿಟ್‌ನ ಚಿಪ್‌ಗಳು ಸುಮಾರು 1,00,000 ಸಲ ಅಳಿಸಿ ಬರೆಯಲು ತಾಳುತ್ತವೆ. ಎರಡು ಬಿಟ್‌ನವು ಕೆಲವು ಸಾವಿರ ಸಲ, ಮೂರು ಬಿಟ್‌ನವು ಇನ್ನೂ ಕಡಿಮೆ. ಪ್ರತಿ ಸಲ ಬರೆದಾಗ ಅಥವಾ ಅಳಿಸಿದಾಗ ಚಿಪ್ ತನ್ನ ಸ್ಥಿತಿಸೂಚಕದಲ್ಲಿ ಕೆಲಸ ಗೆದ್ದಿತೋ ಸೋತಿತೋ ಎಂದು ತಿಳಿಸುತ್ತದೆ. ಬರೆಯುವಾಗ ಸೋತರೆ ಆ ಬ್ಲಾಕ್‌ನ ಹಿಂದಿನ ಪುಟಗಳಲ್ಲಿದ್ದ ಒಳ್ಳೆಯ ಮಾಹಿತಿಯನ್ನು ಹೊಸ ಬ್ಲಾಕ್‌ಗೆ ನಕಲಿಸಿ, ಸೋತ ಪುಟವನ್ನೂ ಅಲ್ಲೇ ಬರೆದು, ಬಳಿಕ ಹಳೆಯದನ್ನು ಕೆಟ್ಟದ್ದೆಂದು ಕೋಷ್ಟಕದಲ್ಲಿ ದಾಖಲಿಸಬೇಕು. ಈ ಅನುಕ್ರಮ ತಪ್ಪಬಾರದು. ಮೊದಲು ಗುರುತು ಹಾಕಿ ಆಮೇಲೆ ನಕಲಿಸಲು ಹೊರಟಾಗ ವಿದ್ಯುತ್ ಹೋದರೆ ಮಾಹಿತಿ ಅನಾಥವಾಗುತ್ತದೆ.

ವಿದ್ಯುತ್ ಕಡಿತವೂ ಗೊಂದಲ ಹುಟ್ಟಿಸುತ್ತದೆ. ಕೆ9ಎಫ್1ಜಿ08ರಂತಹ ಚಿಪ್‌ನಲ್ಲಿ ಬ್ಲಾಕ್ ಅಳಿಸಲು ಸುಮಾರು 2 ಮಿಲಿಸೆಕೆಂಡು ಸಾಕು. ಆ ಕ್ಷಣದಲ್ಲೇ ವಿದ್ಯುತ್ ಹೋದರೆ ಅರ್ಧ ಅಳಿಸಿದ ಬ್ಲಾಕ್ ಉಳಿಯುತ್ತದೆ. ಅದು ಓದಲು ಕೆಟ್ಟಂತೆ ತೋರಿದರೂ ಮತ್ತೊಮ್ಮೆ ಅಳಿಸಿದರೆ ಸರಿಯಾಗುವ ಬ್ಲಾಕ್. ಮಳೆಗಾಲದಲ್ಲಿ ಕರೆಂಟು ಕಣ್ಣುಮುಚ್ಚಾಲೆಯಾಡುವ ಊರುಗಳಿಂದ ಬಂದ ಸೆಟ್‌ಗಳಲ್ಲಿ ಇಂತಹವು ಸಿಗುವುದು ಸಹಜ. ಚಿಪ್ ಸತ್ತಿದೆ ಎನ್ನುವ ಮೊದಲು ಈ ಪರೀಕ್ಷೆ ಮಾಡಬೇಕು. ಕಾರ್ಖಾನೆಯ ಪಟ್ಟಿ ಕೈಯಲ್ಲಿದ್ದರೆ ಮಾತ್ರ ಇದನ್ನು ನಿರ್ಭಯವಾಗಿ ಮಾಡಬಹುದು, ಇಲ್ಲವಾದರೆ ಯಾವುದು ಹುಟ್ಟುದೋಷ, ಯಾವುದು ತಾತ್ಕಾಲಿಕ ಎಂಬುದೇ ತಿಳಿಯದು.

ಬೆಂಗಳೂರಿನಿಂದ ಮಂಗಳ ಗ್ರಹದವರೆಗೆ

ಹಾರ್ಡ್ ಡಿಸ್ಕ್ ಇಲ್ಲದೆ ಫ್ಲಾಶ್ ಸ್ಮೃತಿಯಿಂದಲೇ ಲಿನಕ್ಸ್ ನಡೆಸುವ ಪ್ರಯೋಗಕ್ಕೆ ಕರ್ನಾಟಕ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಹಾಗೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆ ಸೇರಿ ರೂಪಿಸಿದ, 2001ರಲ್ಲಿ ಬೆಳಕಿಗೆ ಬಂದ ಸಿಂಪ್ಯೂಟರ್ ಇದೇ ತತ್ತ್ವದ್ದು. ಅದರ ‘ಅಮಿಡಾ’ ರೂಪವನ್ನು 2004ರಲ್ಲಿ ಬಿಇಎಲ್ ತಯಾರಿಸಿತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಅದೇ ವರ್ಷಗಳಲ್ಲಿ ಫ್ಲಾಶ್‌ಗೆಂದೇ ರೂಪುಗೊಂಡ ಜೆಎಫ್‌ಎಫ್‌ಎಸ್2, ಯಾಫ್ಸ್ ಮುಂತಾದ ಕಡತ ವ್ಯವಸ್ಥೆಗಳು ಉಳಿದುಕೊಂಡವು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನ್ ಯಾಫ್ಸ್2 ಬಳಸುತ್ತಿತ್ತು.

ಕೆಟ್ಟ ಭಾಗವನ್ನು ಬಿಟ್ಟು ಉಳಿದದ್ದರಲ್ಲಿ ಬಾಳುವ ಉಪಾಯ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನಾಸಾದ ಆಪರ್ಚುನಿಟಿ ಶೋಧನೌಕೆ ನಿದರ್ಶನ. 2004ರ ಜನವರಿಯಲ್ಲಿ ಮಂಗಳ ಗ್ರಹದ ಮೇಲಿಳಿದ ಅದು ಹತ್ತು ವರ್ಷ ದಾಟಿದ ಮೇಲೆ ಮರೆವಿನ ರೋಗಕ್ಕೆ ತುತ್ತಾಯಿತು. 2014ರ ಡಿಸೆಂಬರ್ ಹೊತ್ತಿಗೆ ತೊಂದರೆ ಫ್ಲಾಶ್‌ನ ಏಳು ಬ್ಯಾಂಕ್‌ಗಳಲ್ಲಿ ಏಳನೆಯದರಲ್ಲಿದೆ ಎಂದು ತಂತ್ರಜ್ಞರು ಊಹಿಸಿ, 2015ರಲ್ಲಿ ಆ ಬ್ಯಾಂಕನ್ನು ಲೆಕ್ಕದಿಂದ ಹೊರಗಿಟ್ಟು ಸ್ಮೃತಿಯನ್ನು ಮರುಹೊಂದಿಸಿದರು. ಮರೆವು ಪೂರ್ತಿಯಾಗಿ ಗುಣವಾಗಲಿಲ್ಲ. ಆದರೂ ಧೂಳಿನ ಬಿರುಗಾಳಿಯಲ್ಲಿ 2018ರಲ್ಲಿ ಮೌನವಾಗುವವರೆಗೂ ನೌಕೆ ಕೆಲಸ ಮಾಡಿತು.

ಟಿವಿ ಹಾಗೂ ಫೋನ್‌ಗಳಲ್ಲಿ ಬಿಡಿ ನ್ಯಾಂಡ್‌ನ ಸ್ಥಾನವನ್ನು ಬಹುಮಟ್ಟಿಗೆ ಇಎಂಎಂಸಿ ಮತ್ತು ಯುಎಫ್‌ಎಸ್ ಚಿಪ್‌ಗಳು ಆಕ್ರಮಿಸಿವೆ. ಇವುಗಳೊಳಗೆ ಪುಟ್ಟ ನಿಯಂತ್ರಕವೊಂದು ಕೂತು ಕೆಟ್ಟ ಬ್ಲಾಕ್‌ಗಳ ಲೆಕ್ಕ, ಸವೆತದ ಹಂಚಿಕೆ, ದೋಷ ತಿದ್ದುವಿಕೆ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಮೆಮೊರಿ ಕಾರ್ಡ್, ಪೆನ್ ಡ್ರೈವ್‌ಗಳಲ್ಲೂ ಹೀಗೆಯೇ. ಆದ್ದರಿಂದ ಇವನ್ನು ಇದ್ದ ಹಾಗೆಯೇ ನಕಲಿಸಿದರೂ ಬಾಧಕವಿಲ್ಲ. ಬದಲಿ ಬ್ಲಾಕ್‌ಗಳ ದಾಸ್ತಾನು ಮುಗಿಯುವವರೆಗೆ ಬಳಕೆದಾರನಿಗೆ ಏನೂ ತಿಳಿಯುವುದಿಲ್ಲ, ಮುಗಿದ ದಿನ ಚಿಪ್ ಬರೆಯಲು ನಿರಾಕರಿಸುತ್ತದೆ ಅಥವಾ ಪೂರ್ತಿ ಮೌನವಾಗುತ್ತದೆ. 2021ರ ಫೆಬ್ರವರಿಯಲ್ಲಿ ಟೆಸ್ಲಾ ಸಂಸ್ಥೆ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಪರದೆಯನ್ನು ನಡೆಸುವ ಘಟಕದ 8 ಗಿಗಾಬೈಟ್ ಇಎಂಎಂಸಿ ಚಿಪ್ ಬರೆದು ಬರೆದು ಸವೆದು, ಹಿಂಬದಿಯ ಕ್ಯಾಮೆರಾದ ಚಿತ್ರವೂ ಮೂಡದಂತಾಗುತ್ತಿದ್ದುದು ಇದಕ್ಕೆ ಕಾರಣ. ಮದುವೆಯ ಫೋಟೊ, ಯಕ್ಷಗಾನದ ಧ್ವನಿಮುದ್ರಣಗಳನ್ನು ಒಂದೇ ಪೆನ್ ಡ್ರೈವ್‌ನಲ್ಲಿ ಹಾಕಿ ಕಪಾಟಿನಲ್ಲಿಟ್ಟವರು ಇನ್ನೊಂದು ಪ್ರತಿ ಮಾಡಿಕೊಳ್ಳುವುದು ಲೇಸು.

ಅಂಗಡಿಯ ಮೇಜಿನ ಮೇಲೆ

ಬಿಡಿ ನ್ಯಾಂಡ್ ಚಿಪ್ ಇರುವ ಹಳೆಯ ಸೆಟ್‌ಗಳು ಹಳ್ಳಿಗಳ ಮನೆಗಳಲ್ಲಿ ಇನ್ನೂ ಓಡುತ್ತಿವೆ, ರೌಟರ್‌ಗಳಲ್ಲಿ ಈ ಚಿಪ್ ಇನ್ನೂ ಬಳಕೆಯಲ್ಲಿದೆ. ಅವುಗಳ ದುರಸ್ತಿಗೆ ಬೇಕಾದ ಚಿಪ್‌ಗಳಲ್ಲಿ ಹಳೆಯ ಬೋರ್ಡ್‌ಗಳಿಂದ ಕಿತ್ತು ತೊಳೆದು ಹೊಸದೆಂದು ಮಾರುವವೂ ಬಂದು ಸೇರುತ್ತವೆ. ಇದನ್ನು ಪತ್ತೆ ಹಚ್ಚಲು ಕೆಟ್ಟ ಬ್ಲಾಕ್‌ನ ಗುರುತೇ ಸುಳಿವು. ಕಾರ್ಖಾನೆಯಿಂದ ಬಂದ ಹೊಸ ಚಿಪ್‌ನಲ್ಲಿ ಒಳ್ಳೆಯ ಬ್ಲಾಕ್‌ಗಳೆಲ್ಲ ಎಫ್‌ಎಫ್ ಆಗಿರುತ್ತವೆ, ಹಳೆಯ ಮಾಹಿತಿಯ ಚೂರು ಕಂಡರೆ ಅದು ಬಳಸಿದ ಚಿಪ್. ಎಲ್ಲವೂ ಎಫ್‌ಎಫ್ ಇದ್ದು ಒಂದೂ ಕೆಟ್ಟ ಬ್ಲಾಕ್ ಕಾಣದಿದ್ದರೆ, ಒಂದು ಚಿಪ್‌ನ ಮಟ್ಟಿಗೆ ಅದು ಸಹಜವಾದ ಅದೃಷ್ಟವಿರಬಹುದು. ಒಟ್ಟಿಗೆ ತಂದ ಹತ್ತಕ್ಕೆ ಹತ್ತೂ ಹಾಗಿದ್ದರೆ ಯಾರೋ ಬಲವಂತವಾಗಿ ಅಳಿಸಿ ಗುರುತನ್ನು ತೊಡೆದಿದ್ದಾರೆಂದು ಶಂಕಿಸಲು ಕಾರಣವಿದೆ.

ಅಂತಹ ಚಿಪ್ಪನ್ನೇ ಬಳಸಬೇಕಾಗಿ ಬಂದರೆ ಎಲ್ಲ ಬ್ಲಾಕ್‌ಗಳನ್ನೂ ಅಳಿಸಿ, ಬೇರೆ ಬೇರೆ ವಿನ್ಯಾಸಗಳಲ್ಲಿ ಹಲವು ಸಲ ಬರೆದು, ಓದಿ, ಸೋತವನ್ನು ಪಟ್ಟಿ ಮಾಡಬಹುದು. ಹುಟ್ಟುದೋಷದ ಬ್ಲಾಕ್‌ಗಳಲ್ಲಿ ಕೆಲವು ಇದರಲ್ಲಿ ಸಿಕ್ಕಿಬೀಳುತ್ತವೆ, ಎಲ್ಲವೂ ಸಿಗುತ್ತವೆಂಬ ಖಾತರಿಯಿಲ್ಲ. ಈ ವಿಷಯವನ್ನು ಗ್ರಾಹಕರಿಗೆ ಮೊದಲೇ ತಿಳಿಸಿ, ದುರಸ್ತಿಯ ಭರವಸೆಯ ಅವಧಿಯನ್ನು ಅದಕ್ಕೆ ತಕ್ಕಂತೆ ಹೇಳುವುದು ನ್ಯಾಯ. ಬೋರ್ಡ್‌ನಿಂದ ಕಳಚಿದ ಮೂಲ ಚಿಪ್ಪನ್ನೂ ಬರೆದು ಮುಗಿದ ಕೂಡಲೇ ಎಸೆಯಬಾರದು. ಹೆಚ್ಚುವರಿ ಪ್ರದೇಶ ಸಹಿತ ಓದಿದ ಅದರ ಪೂರ್ಣ ಪ್ರತಿ ಮತ್ತು ಕೆಟ್ಟ ಬ್ಲಾಕ್‌ಗಳ ಪಟ್ಟಿಯನ್ನು ಸೆಟ್‌ನ ಮಾದರಿ ಸಂಖ್ಯೆಯೊಡನೆ ಗಣಕದಲ್ಲಿ ಉಳಿಸಿಟ್ಟರೆ, ಅದೇ ಮಾದರಿಯ ಮುಂದಿನ ಸೆಟ್ ಬಂದಾಗ ಭಾಗಗಳ ಗಡಿ, ಕೋಷ್ಟಕದ ಸ್ಥಾನ, ತಿದ್ದುವ ಬೈಟ್‌ಗಳ ವಿನ್ಯಾಸ ಇವೆಲ್ಲವನ್ನೂ ಅದರಿಂದಲೇ ತಿಳಿದುಕೊಳ್ಳಬಹುದು.